ಅತ್ತಿಗೆ ಕೋಳಿಗಳನ್ನು ಕಳಿಸಿದ ದಿನ

ಮಾರ್ಚ್ ೧೪, ಗುರುವಾರ

ಬೆಳಗ್ಗೆ ಇನ್ನೊಂದು ಟರ್ಕಿ ಮರಿ ಸತ್ತಿತು. ಉಳಿದವು ರೆಕ್ಕೆ ಜೋತುಬಿಟ್ಟು, ಹಳದಿ ಹಿಕ್ಕೆ ಹಾಕುತ್ತ ತೂಕಡಿಸುತ್ತಿದ್ದವು.

ಪಶುವೈದ್ಯರು ಬಂದು ನೋಡಿ, "ಇದು ನಿಮ್ಮ ಕೋಳಿಗಳಿಂದ ಬಂದಿರೋದು. ಅವು ಚೆನ್ನಾಗೇ ಇರ್ತವೆ, ಟರ್ಕಿ ಮರಿ ಮಾತ್ರ ಉಳಿಯಲ್ಲ. ಎರಡನ್ನೂ ಒಂದೇ ಕಡೆ ಸಾಕ್ಬೇಡಿ," ಅಂದರು.

ಅಣ್ಣ ಪೆಚ್ಚಾದ. ಟರ್ಕಿ ಸಾಕುವ ಹುಚ್ಚು ಅವನದು. ಕೋಳಿಗಳು ಅತ್ತಿಗೆಯವು, ತವರಿನಿಂದ ತಂದ ಹೇಂಟೆಯ ಸಂತಾನ. ನಮಗಿರುವುದು ಒಂದೇ ಶೆಡ್ಡು.

"ಟರ್ಕಿಗಳನ್ನೇ ಯಾರಿಗಾದ್ರೂ ಕೊಟ್ಬಿಡ್ತೀನಿ," ಅಂದ.

"ಕಾಯಿಲೆ ಮರೀನ ಯಾರು ತಗೋತಾರ್ರೀ? ನನ್ನ ಕೋಳಿಗಳು ಗಟ್ಟಿಮುಟ್ಟಾಗಿವೆ, ಎಲ್ಲಿ ಬಿಟ್ರೂ ಬದುಕ್ತವೆ," ಅಂದರು ಅತ್ತಿಗೆ. ಒಂದೊಂದನ್ನೇ ಹೆಸರು ಹಿಡಿದು ಕರೆದು, ಬುಟ್ಟಿಗೆ ಹಾಕಿ, ತಂಗಿಯ ಮನೆಗೆ ಕಳಿಸಿಯೇಬಿಟ್ಟರು. ಆಮೇಲೆ ಶೆಡ್ಡು ತೊಳೆದು ಒಣಗಿಸಿ, ಹೊಸ ಹೊಟ್ಟು ಹಾಸಿ, ಪ್ರತಿ ಮರಿಯ ಕೊಕ್ಕು ಬಿಡಿಸಿ ಔಷಧಿ ಹನಿಸಿದರು. ಸಂಜೆಗೆ ಎರಡು ಮರಿ ಎದ್ದು ನೀರು ಕುಡಿದವು.

"ಬೇಜಾರಾಗ್ಲಿಲ್ವಾ ಅತ್ತಿಗೆ?" ಅಂದೆ.

"ಆಗ್ದೆ ಏನು? ನಾಳೆಯಿಂದ ಬೆಳಗ್ಗೆ ನೀನೇ ಕೂಗಿ ಎಬ್ಸು," ಎಂದು ನಕ್ಕು, ಮುಖ ತೊಳೆಯಲು ಹೋದರು. ಬಹಳ ಹೊತ್ತು ಬರಲಿಲ್ಲ.

ನಾನಾಗಿದ್ದರೆ ಮನೆಯನ್ನೇ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದೆ.

ಊಟಕ್ಕೆ ಅಣ್ಣ ತಾನೇ ಎದ್ದು ಅತ್ತಿಗೆಗೆ ಬಡಿಸಿದ. ಈ ಮನೆಯಲ್ಲಿ ಇದನ್ನು ನೋಡಿದ್ದು ಇದೇ ಮೊದಲು. ಅತ್ತಿಗೆ ಬೇಡ ಅನ್ನಲಿಲ್ಲ, ತಟ್ಟೆಯನ್ನು ಮುಂದಕ್ಕೆ ಸರಿಸಿದರು.