ಎಡಕ್ಕೆ ಹದಿನೆಂಟು ಕಡಿಮೆ

16 ಜನವರಿ, ಗುರುವಾರ. ಬೆಳಿಗ್ಗೆ 10
ಅರಣ್ಯ ಇಲಾಖೆಯ ಚಿಗರಿ (ಕೃಷ್ಣಮೃಗ) ಎಣಿಕೆ, ಎರಡನೇ ದಿನ ಮುಗಿಯಿತು. ಯಲಬುರ್ಗಾ ಕಡೆಯ ಎರೆಹೊಲ, ನಾಲ್ಕು ಕಿಲೋಮೀಟರ್ ನೇರ ನಡೆಯುವ ಲೈನ್. ಪ್ಯಾಂಟಿಗೆಲ್ಲ ಕಡಲೆಗಿಡದ ಹುಳಿ, ಮೊಣಕಾಲ ಕೆಳಗೆ ಒಂದೇ ಉರಿ.

ನಿಯಮ ಭಾರಿ ಕಟ್ಟುನಿಟ್ಟು. ಇಬ್ಬರು ಅಕ್ಕಪಕ್ಕ ನಡೆಯಬೇಕು. ಮಾತಿಲ್ಲ. ಕಂಡ ಚಿಗರಿಗಳನ್ನು ಎಡ, ಬಲ ಅಂತ ಬೇರೆ ಬೇರೆಯಾಗಿ ತಮ್ಮ ತಮ್ಮ ಹಾಳೆಯಲ್ಲಿ ಬರೆಯಬೇಕು. ಒಬ್ಬರದು ಇನ್ನೊಬ್ಬರು ನೋಡಬಾರದು. ಕೊನೆಗೆ ಗಾರ್ಡ್ ಮದಾರಸಾಬ ಎರಡನ್ನೂ ತಾಳೆ ನೋಡುತ್ತಾನೆ.

ನನ್ನ ಜೋಡಿ ಶೋಭಾರಾಣಿ. ಪೋಸ್ಟ್ ಆಫೀಸಿನವರು, ನನ್ನಂತೆ ಸ್ವಯಂಸೇವಕರು. ಮದುವೆಯಾಗಿಲ್ಲ, ಅವ್ವನ ಜೊತೆ ಇದ್ದಾರೆ. ನನ್ನ ಬಲಕ್ಕೆ ನಡೆಯುತ್ತಾರೆ. ಬರೆಯುವ ಮುಂಚೆ ಪೆನ್ಸಿಲ್ ತುದಿ ನಾಲಿಗೆಗೆ ಹಚ್ಚುತ್ತಾರೆ. ಚಿಗರಿ ಕಂಡರೆ ಎತ್ತಿದ ಕಾಲು ಹಾಗೇ ನಿಲ್ಲಿಸುತ್ತಾರೆ... ಇದೆಲ್ಲ ದಿನಚರಿಗೆ ಯಾಕೆ?

17 ಜನವರಿ, ಶುಕ್ರವಾರ. ಸಂಜೆ
ಮೂರನೇ ದಿನವೂ ಆಯಿತು. ಈಗ ಮದಾರಸಾಬನ ಫೋನ್. ಹಾಳೆಗಳು ತಾಳೆಯಾಗುತ್ತಿಲ್ಲವಂತೆ. ಶೋಭಾರಾಣಿ ಮೇಡಂ ಅವರದೂ ಸ್ವಲ್ಪ ಹೆಚ್ಚುಕಮ್ಮಿ ಇದೆ, ಅವರಿಗೆ ಬೇರೆಯಾಗಿ ಹೇಳುತ್ತೇನೆ ಅಂದ. ನನ್ನದು ಎಡಗಡೆ ಹದಿನೆಂಟು ಕಡಿಮೆ. ಗಣಿತದ ಮಾಸ್ತರ ನಾನು. ಮಕ್ಕಳಿಗೆ ಒಂದು ತಪ್ಪಿದರೂ ಬಿಡದವನು.

“ಎಡಕ್ಕ ಹೊಳ್ಳಿನ ನೋಡಿಲ್ಲಲ್ರಿ ಸರ್. ಕುತ್ತಿಗಿ ಏನರ ಹಿಡಕೊಂಡೈತೇನ್ರಿ?”

ಹೌದು ಅಂದುಬಿಟ್ಟೆ. ಕುತ್ತಿಗೆ ನೆಟ್ಟಗೇ ಇದೆ.

ಕಡಿಮೆ ಬರೆದವರು ಫಾರಂನಲ್ಲಿ ಕಾರಣ ಕೊಡಬೇಕು, ಜೋಡಿಯವರ ಸಹಿ ಬೇಕು. ಆಮೇಲೆ ಲೈನ್ ಮತ್ತೆ ನಡೆಯಬೇಕು.

18 ಜನವರಿ, ಶನಿವಾರ. ಬೆಳಿಗ್ಗೆ 6
ಕುತ್ತಿಗೆ ನೋವು ಅಂತ ಬರೆದರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಬೆಳೆ ಕಳೆದುಕೊಂಡ ಹೊಲದವರು ಸಾವಿರ ಚಿಗರಿ ಅನ್ನುತ್ತಾರೆ, ಇಲಾಖೆಯವರು ಉಳಿದದ್ದೇ ಕಡಿಮೆ ಅನ್ನುತ್ತಾರೆ. ಇಬ್ಬರಿಗೂ ಉತ್ತರ ಕೊಡಬೇಕಾದ ಕಾಗದದಲ್ಲಿ ಸುಳ್ಳು ಬರೆಯಲು ಮನಸ್ಸಿಲ್ಲ.

ನಿಜ ಬರೆದರೆ ಸಹಿ ಮಾಡುವಾಗ ಶೋಭಾರಾಣಿ ಓದುತ್ತಾರೆ. ಬೇಜಾರಾಗಿ ಬೇರೆ ಜೋಡಿ ಕೇಳಿದರೆ? ಲಲಿತಾ ತೀರಿಕೊಂಡು ಆರು ವರ್ಷ. ಹೆಂಡತಿ ಹೋದ ಮೇಲೆ ಬೆಳಿಗ್ಗೆ ಏಳಲು ನನಗೆ ಖುಷಿಯಾದದ್ದು ಈ ಮೂರು ದಿನ ಮಾತ್ರ.

ಶೋಭಾರಾಣಿ ನನಗೆ ಇಷ್ಟ. ಬರೆದೆ. ಹೊಡೆದುಹಾಕುವುದಿಲ್ಲ.

20 ಜನವರಿ, ಸೋಮವಾರ. ಬೆಳಿಗ್ಗೆ, ಶಾಲೆಗೆ ಮುಂಚೆ
ಶನಿವಾರ ಬೆಳಿಗ್ಗೆಯ ನಂತರ ಬರೆಯಲಾಗಲಿಲ್ಲ. ಕೂತರೆ ನಗು ಬರುತ್ತಿತ್ತು.

ಶನಿವಾರ ಮದಾರಸಾಬನ ಮುಂದೆ ಕೂತು ಫಾರಂ ತುಂಬಿದೆ. ಕಾರಣ: ಗಮನ ಬಲಕ್ಕಿತ್ತು. ಅಷ್ಟೇ. ಶೋಭಾರಾಣಿಯವರ ಕಡೆ ಸರಿಸಿದೆ.

ಓದಿದರು. ಮತ್ತೆ ಓದಿದರು. ಅಂಚೆಯ ಮನುಷ್ಯರು, ವಿಳಾಸ ಸರಿಯಾಗಿದೆಯೋ ನೋಡುವ ಹಾಗೆ. ಸಹಿ ಮಾಡಿದರು. ಮುಖ ನೋಡಲಿಲ್ಲ. ಮುಗಿಯಿತು ಅಂದುಕೊಂಡೆ. ಎದ್ದು ಹೊರಟೆ ಕೂಡ.

“ಕೂಡ್ರಿ ಸರ್. ನಿಮ್ಮ ಸಹಿನೂ ಬೇಕು,” ಅಂದರು. ಆಮೇಲೆ ಮದಾರಸಾಬನಿಗೆ, “ನನಗೂ ಒಂದು ಫಾರಂ ಕೊಡ್ರಿ ಅಣ್ಣಾರ. ನಾನೂ ಬಲಕ್ಕ ಹನ್ನೊಂದು ಚಿಗರಿ ಬಿಟ್ಟೀನಿ.”

ಮದಾರಸಾಬ ಫಾರಂ ಕೊಟ್ಟವನೇ ಚಹಾ ತರುತ್ತೇನೆ ಅಂತ ಹೊರಗೆ ಹೋದ. ಅವರು ಪೆನ್ಸಿಲ್ ನಾಲಿಗೆಗೆ ಹಚ್ಚಿದರು. ಕಿವಿ ಕೆಂಪಾಗಿತ್ತು. ಆಮೇಲೆ ಒಂದೇ ಉಸಿರಿಗೆ ಬರೆದು ನನ್ನ ಮುಂದಿಟ್ಟು ಕಿಟಕಿಯ ಕಡೆ ತಿರುಗಿದರು. ಕಾರಣದ ಮುಂದೆ, ದುಂಡು ಅಕ್ಷರದಲ್ಲಿ, ಗಮನ ಎಡಕ್ಕಿತ್ತು. ಅವರ ಎಡಕ್ಕೆ ನಡೆಯುವವನು ನಾನು.