ಐದು ಪಾವು ನಾಲ್ಕಾದ ಲೆಕ್ಕ

ಬ್ರಹ್ಮಪುರ, ಕಲಬುರ್ಗಿ
ಶುಕ್ರವಾರ, ೨೯ ಜನವರಿ ೧೯೨೬

ಪ್ರೀತಿಯ ಪುತಳಾ,

ನಿನ್ನ ಕೆಮ್ಮು ನಿಂತಿತೇ? ನಿಮ್ಮವ್ವನ ಮೊಣಕಾಲು ಹೇಗಿದೆ? ನಾನು ಕ್ಷೇಮ. ಖಾನಾವಳಿಯ ಸಾರಿನಲ್ಲಿ ಬೇಳೆಯನ್ನು ಒಂದೊಂದಾಗಿ ಎಣಿಸಬಹುದು. ಮಾಸ್ತರಿಕೆ ಕಲಿಯುವವನಿಗೆ ಅದೂ ಅಭ್ಯಾಸವೇ. ರೊಟ್ಟಿಗೆಂದು ನೀನು ಕಟ್ಟಿಕೊಟ್ಟ ಶೇಂಗಾ ಹಿಂಡಿ ಮುಗಿಯಿತು. ಅರ್ಧ ತಿಂದವನು ದತ್ತಪ್ಪ. ನಿಮ್ಮ ಕಮಲಾಪುರದ ಓಣಿಯಲ್ಲಿ ನಿನ್ನನ್ನು ಅಕ್ಕಾ ಅಕ್ಕಾ ಎನ್ನುತ್ತ ತಿರುಗುವ, ಈಗ ನನ್ನ ಜೊತೆ ಇಲ್ಲಿ ತರಬೇತಿಗೆ ಬಂದಿರುವ ಅದೇ ದತ್ತಪ್ಪ. ಈ ಕಾಗದ ತರುವವನೂ ಅವನೇ. ಅದಕ್ಕೇ ಅಂಟು ಸ್ವಲ್ಪ ಹೆಚ್ಚು ಹಚ್ಚುತ್ತೇನೆ.

ಸುತ್ತು ಬಳಸುವುದೇಕೆ, ನನಗೆ ಅವನ ಮೇಲೆ ಹೊಟ್ಟೆಕಿಚ್ಚು. ಕಮಲಾಪುರದ ಶಾಲೆಯಲ್ಲಿ ಖಾಲಿ ಇರುವುದು ಒಂದೇ ಜಾಗ. ನಮ್ಮಿಬ್ಬರಲ್ಲಿ ಚೆನ್ನಾಗಿ ಪಾಠ ಹೇಳಿದವನಿಗೆ ಅದು. ಇನ್ನೊಬ್ಬ ಯಾದಗಿರಿಯ ಆಚೆ ಯಾವುದೋ ಹಳ್ಳಿಗೆ. ಹೈದರಾಬಾದಿನ ಕಾಲೇಜಿನಲ್ಲಿ ಎರಡು ವರ್ಷ ಬೆಂಚು ಸವೆಸಿದ ನನಗೆ ಏಳನೆಯ ಇಯತ್ತೆಗೇ ನಿಂತ ದತ್ತಪ್ಪ ಯಾವ ಲೆಕ್ಕ ಎಂದುಕೊಂಡಿದ್ದೆ. ನಿನ್ನ ಜೊತೆ ಕೂಡಿ ಇರುವ ಮನೆಗೆ ಮನಸ್ಸಿನಲ್ಲೇ ಸುಣ್ಣವನ್ನೂ ಬಳಿದಿದ್ದೆ.

ಮೊನ್ನೆ ಮಂಗಳವಾರ ಪಾಠದ ಪರೀಕ್ಷೆ ಇತ್ತು. ಸಣ್ಣ ಮಕ್ಕಳಿಗೆ ಎಣಿಕೆಯನ್ನೂ ಕೂಡುವುದನ್ನೂ ಕಲಿಸಬೇಕು. ನಮ್ಮ ಉಸ್ತಾದ ಕರೀಂಸಾಬರು ಹಿಂದೆ ಕುಳಿತು ನೋಡುತ್ತಾರೆ. ಸಂಖ್ಯೆ ಎಂದರೇನು ಎಂಬುದರ ಮೇಲೆ ನಾನು ಸೊಗಸಾದ ಭಾಷಣ ಮಾಡಿದೆ. ಮೂರು ಮಕ್ಕಳು ಆಕಳಿಸಿದವು, ನಾಲ್ಕನೆಯದು ನಿದ್ದೆಹೋಯಿತು. ಅಲ್ಲಿಯವರೆಗೆ ಎಣಿಕೆ ತಪ್ಪಿರಲಿಲ್ಲ. ಆಮೇಲೆ ಮಲ್ಕಮ್ಮ ಎಂಬ ಆರು ವರ್ಷದ ಹುಡುಗಿಯ ಮುಂದೆ ಜೋಳ ಸುರಿದು ಪಾವಿನಿಂದ ಅಳೆಯಲು ಹೇಳಿದೆ. ಅವಳು ಶುರು ಮಾಡಿದಳು: ಲಾಭ, ಎರಡು, ಮೂರು. ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವವರು ಮೊದಲ ಅಳತೆಗೆ ಒಂದು ಎನ್ನುವುದಿಲ್ಲವಲ್ಲ, ಲಾಭ ಎನ್ನುತ್ತಾರೆ. ಅಪ್ಪ ಹೇಳುವುದನ್ನೇ ಕೂಸು ಹೇಳಿತು. ಲಾಭ ಎಂಬ ಅಂಕಿ ಶಾಲೆಯಲ್ಲಿ ಇಲ್ಲ, ಒಂದು ಎನ್ನಬೇಕು ಎಂದು ನಾನು ಗದರಿದೆ. ಪಾಪ, ಅದು ಅಪ್ಪನನ್ನೂ ಬಿಡಲಿಲ್ಲ, ಮಾಸ್ತರನನ್ನೂ ಬಿಡಲಿಲ್ಲ. ಮೊದಲ ಪಾವಿಗೆ ಲಾಭ, ಎರಡನೆಯದಕ್ಕೆ ಒಂದು, ಹೀಗೆ ಅಳೆಯುತ್ತ ಹೋಯಿತು. ಕಣ್ಣೆದುರು ಐದು ಪಾವು ಜೋಳ, ಬಾಯಲ್ಲಿ ನಾಲ್ಕು. ಮತ್ತೆ ಅಳೆಸಿದೆ, ಮತ್ತೆ ನಾಲ್ಕು. ಕೂಡುವ ಪಾಠಕ್ಕೆ ನಿಂತವನು ಮುಖದ ಕಳೆಯನ್ನೇ ಕಳೆದುಕೊಂಡು ಕುಳಿತೆ.

ದತ್ತಪ್ಪ ಎದ್ದು ಜೇಬಿನಿಂದ ಒಂದು ಹಿಡಿ ಹುಣಸೆಬೀಜ ತೆಗೆದ. "ನಿಮ್ಮಪ್ಪ ಅಂದಂಗೇ ಅನ್ನವ್ವಾ. ಒಂದೊಂದು ಪಾವಿಗಿ ಒಂದೊಂದು ಬೀಜ ಇಡು" ಎಂದ. ಅವಳು ಲಾಭ ಎಂದು ಒಂದನ್ನಿಟ್ಟಳು, ಎರಡು ಎಂದು ಇನ್ನೊಂದನ್ನಿಟ್ಟಳು. ಬಾಯಿ ಏನೇ ಹೆಸರು ಹೇಳಲಿ, ಪಾವೂ ಬೀಜವೂ ಜೋಡಿಜೋಡಿಯಾಗಿ ಐದಕ್ಕೇ ನಿಂತವು. ಅವನ್ನೇ ಎರಡರದೊಂದು, ಮೂರರದೊಂದು ಗುಂಪಾಗಿ ಒಡೆದು, ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಸರಿಸಿದ. ಹೆಂಗ ಕೂಡಿದರೂ ಅಷ್ಟೇ ಎಂದು ಮಲ್ಕಮ್ಮನೇ ಅವನಿಗೆ ಪಾಠ ಹೇಳಿದಳು. ನನ್ನ ಭಾಷಣಕ್ಕೆ ಮಲಗಿದ್ದ ಕೂಸು ಎದ್ದು ಬಂದು ತನಗೂ ಹುಣಸೆಬೀಜ ಬೇಕೆಂದಿತು.

ಕರೀಂಸಾಬರು ನನ್ನ ಹತ್ತಿರ ಬಂದು ಮೆಲ್ಲಗೆ, "ಅಮೋಘಪ್ಪ, ನಿಮಗ ಲೆಕ್ಕ ಬರ್ತದ. ಕೂಸಿಗಿ ಏನು ಬರ್ತದಂತ ತಿಳಕೊಳ್ಳದು ಬರಲ್ಲ" ಎಂದರು. ದತ್ತಪ್ಪನಿಗೆ ಶಾಬಾಸ್ ಹೇಳಿದರು. ಅದನ್ನಾದರೂ ಅವನು ಇಟ್ಟುಕೊಂಡನೇ? "ಇದು ನಂದಲ್ಲರಿ ಸಾಹೇಬ್ರ. ನಮ್ಮೂರ ಪುತಳಕ್ಕಂದು" ಎಂದ.

ನನ್ನ ಹೆಂಡತಿಯ ವಿದ್ಯೆ, ನನ್ನ ಎದುರಾಳಿಯ ಜೇಬಿನಲ್ಲಿ! ಊರಿಗೆಲ್ಲ ಕಲಿಸಿದವಳು ನನಗೇಕೆ ಕಲಿಸಲಿಲ್ಲ ಎಂದು ನಿನ್ನ ಮೇಲೂ ಉರಿದೆ. ಆಮೇಲೆ ದೀಪಾವಳಿ ನೆನಪಾಯಿತು. ಕಟ್ಟೆಯ ಮೇಲೆ ಓಣಿಯ ಹುಡುಗಿಯರನ್ನು ಕೂಡಿಸಿಕೊಂಡು ನೀನು ಉಡಿಯಿಂದ ಹುಣಸೆಬೀಜ ಸುರಿಯುತ್ತಿದ್ದೆ. ನನಗೂ ತೋರಿಸಲು ಒಂದನ್ನು ಎತ್ತಿ ಹಿಡಿದೆ. ಕೂಸುಗಳ ಆಟ ಸಾಕು, ಚಹಾ ಇಡು ಎಂದವನು ನಾನೇ.

ನಿಮ್ಮವ್ವನಿಗೆ ನನ್ನ ನಮಸ್ಕಾರ. ಕಟ್ಟೆಯ ಹುಡುಗಿಯರಿಗೆ ಆಶೀರ್ವಾದ. ಬಿಸಿಲೇರುವ ಮುಂಚೆ ಕಷಾಯ ಕುಡಿ.

ಒಂದು ಪಾವು ಕಳೆದುಕೊಂಡ ನಿನ್ನ
ಅಮೋಘಪ್ಪ

ತಾ.ಕ.: ದತ್ತಪ್ಪ ಬಾಗಿಲಲ್ಲಿ ನಿಂತು ಮೋಟಾರು ಹೊರಟಿತು ಎಂದು ಕೂಗುತ್ತಿದ್ದಾನೆ. ಕಮಲಾಪುರದಲ್ಲಿ ಹೆಣ್ಣುಮಕ್ಕಳ ವರ್ಗವೊಂದನ್ನು ತೆರೆಯುತ್ತಾರಂತೆ. ಆ ಪುತಳಕ್ಕ ಕಲಿಸಲು ಬರುವಳೇ ಎಂದು ಕರೀಂಸಾಬರು ಮಂಗಳವಾರ ಸಂಜೆಯೇ ನನ್ನನ್ನು ಕೇಳಿದರು. ನೀನು ಹೂಂ ಎಂದು, ನಮ್ಮಿಬ್ಬರ ಪೈಪೋಟಿಯ ಆ ಜಾಗ ದತ್ತಪ್ಪನಿಗೆ ಹೋದರೆ, ನೀವಿಬ್ಬರೂ ಒಂದೇ ಶಾಲೆಯಲ್ಲಿ, ನಾನೊಬ್ಬ ಯಾದಗಿರಿಯ ಆಚೆ. ಅದಕ್ಕೇ ಮೂರು ದಿನ ಮುಚ್ಚಿಟ್ಟೆ. ಅರ್ಜಿ ಒಳಗೆ ಮಡಚಿಟ್ಟಿದ್ದೇನೆ, ಸೋಮವಾರ ಕೊಡಬೇಕು. ದಸ್ಕತ್ತು ಹಾಕಿ ದತ್ತಪ್ಪನ ಕೈಯಲ್ಲೇ ಕಳಿಸು. ಅದರಲ್ಲಿ ನಿನ್ನ ಹೆಸರಿನ ಮುಂದೆ ಕ್ರಮಸಂಖ್ಯೆ ಒಂದು ಎಂದು ಬರೆಯುವ ಕಡೆ ಲಾಭ ಎಂದು ಬರೆದಿದ್ದೇನೆ. ತಿದ್ದಬೇಡ.