ರಹಮತ್ ಬೀ ಅಲ್ಲಾಡಿಸಿ ನೋಡಿದ ಕ್ಯಾಮೆರಾ

ತಿಪಟೂರು, ಶನಿವಾರ

ಭಾವನವರಿಗೆ,

ಬಸ್ಸು, ಊಟ, ಲಾಡ್ಜು ಸೇರಿ ಸಾವಿರದ ನಾನೂರು, ಕ್ಯಾಮೆರಾಕ್ಕೆ ಒಂಬೈನೂರು. ನಾನು ಕೆರೆಗೆ ಬೀಳಿಸಿದ ನಿಮ್ಮ ರೀಲು ಕ್ಯಾಮೆರಾದಂಥದ್ದೇ ಇಲ್ಲಿನ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಎರಡಿದ್ದವು. ಹೊಳೆಯುತ್ತಿದ್ದ ಒಂದಕ್ಕೆ ನಾನು ಎರಡು ಸಾವಿರ ಎಣಿಸಿ ಕೊಟ್ಟೂ ಆಗಿತ್ತು. ಅಂಗಡಿಯ ರಹಮತ್ ಬೀ ಅದನ್ನು ಕಿವಿಯ ಬಳಿ ಹಿಡಿದು, ಕೊಬ್ಬರಿ ಒಣಗಿದೆಯೇ ಎಂದು ಇಲ್ಲಿಯವರು ಕಾಯಿ ಅಲ್ಲಾಡಿಸಿ ನೋಡುವಂತೆ ಅಲ್ಲಾಡಿಸಿದರು.

“ಲೊಡಲೊಡ ಅಂತೈತೆ, ಬುಡಿ ಸ್ವಾಮಿ. ಕೊಬ್ಬರಿಯಾಗಿದ್ರೆ ನಾನೇ ಇಟ್ಕೋತಿದ್ದೆ. ಕ್ಯಾಮೆರಾ ಸುಮ್ಕಿರ್ಬೇಕು ಕಣ್ರೀ!”

ದುಡ್ಡು ಹಿಂದಿರುಗಿಸಿ, ಧೂಳು ಹಿಡಿದ ಇನ್ನೊಂದನ್ನು ಒಂಬೈನೂರಕ್ಕೆ ಕೊಟ್ಟರು. ಒತ್ತಿದರೆ ಟಕ್ಕೆನ್ನುತ್ತದೆ. ಅವರ ಜಾಗದಲ್ಲಿ ನಾನಾಗಿದ್ದರೆ ಸದ್ದೇ ಕೇಳಿಸದವನಂತೆ ಮೊದಲನೆಯದನ್ನೇ ಮಾರಿಬಿಡುತ್ತಿದ್ದೆ.

ಬಸ್ಸಿನಲ್ಲಿ ಹಿಡಿದ ನೆಗಡಿ ಇಳಿದಿದೆ, ನಾಳೆ ಹೊರಟು ಬರುತ್ತೇನೆ. ರಹಮತ್ ಬೀಗೆ ಒಂಬೈನೂರು, ನಿಮಗೆ ಕ್ಯಾಮೆರಾ, ಮೂರು ತಿಂಗಳಿಂದ ನಿಮಗೆ ಮುಖ ತೋರಿಸದ ನನಗೆ ಅಕ್ಕನ ಕೈಯಡುಗೆ.

ರುದ್ರೇಶ